ತಿಗಣೆಗೆ ಔಷಧಿ ಹೊಡೆಸಿದ್ರೂ ಮತ್ತೆ ಕಾಣಿಸ್ತಿದ್ಯಾ? ಮುಂದಿನ ವಾರಗಳಲ್ಲಿ ಹೀಗೆ ಮಾಡಿ

ದುಡ್ಡು ಕೊಟ್ಟು ತಿಗಣೆಗೆ ಔಷಧಿ ಹೊಡೆಸಿ ವಾರ ಕಳೆದಿಲ್ಲ, ಹಾಸಿಗೆ ಮೇಲೆ ಮತ್ತೊಂದು ಹರಿದಾಡಿದ್ರೆ ಯಾರಿಗಾದರೂ ಸಿಟ್ಟು ಬರುತ್ತೆ. ಆದರೆ ಅಷ್ಟಕ್ಕೇ ನೀರಲ್ಲಿ ಹೋಮ ಮಾಡಿದಂತಾಯ್ತು ಅಂದುಕೊಳ್ಳಬೇಕಿಲ್ಲ. ಒಂದೇ ಸಲಕ್ಕೆ ತಿಗಣೆ ಪೂರ್ತಿ ಹೋಗುವುದು ಅಪರೂಪ.

ಮತ್ತೆ ಬರೋದ್ಯಾಕೆ?

ಸಾಮಾನ್ಯ ಔಷಧಿಗೆ ಓಡಾಡುವ ತಿಗಣೆ ಸಾಯುತ್ತೆ, ಮೊಟ್ಟೆ ಅಷ್ಟು ಸುಲಭಕ್ಕೆ ಸಾಯಲ್ಲ. ಸುಮಾರು 1 ಮಿ.ಮೀ. ಉದ್ದದ ಬಿಳಿ ಮೊಟ್ಟೆಗಳು ಮಂಚದ ಸಂದಿ, ಹಾಸಿಗೆಯ ಹೊಲಿಗೆ, ಸ್ಕ್ರೂ ತೂತುಗಳಲ್ಲಿ ಅಂಟಿಕೊಂಡಿರುತ್ತವೆ. ಸೆಕೆಯಲ್ಲಿ 6ರಿಂದ 10 ದಿನಕ್ಕೆ ಮರಿಯಾಗುತ್ತವೆ. ಈ ಮರಿಗಳು ಬೆಳೆದು ಮೊಟ್ಟೆ ಇಡುವ ಮೊದಲೇ, ಅಂದರೆ 10ರಿಂದ 15 ದಿನಕ್ಕೆ, ಎರಡನೇ ಸಲ ಔಷಧಿ ಹೊಡೆಸಬೇಕು. ಹಣ ಕೊಡುವ ಮೊದಲೇ ಎರಡನೇ ಸಲದ ಮಾತನ್ನು ಬಿಲ್‌ನಲ್ಲಿ ಬರೆಸಿಕೊಳ್ಳಿ.

ಅಲ್ಲಿಯವರೆಗೆ ಏನು ಮಾಡಬೇಕು?

* ಔಷಧಿ ಪೂರ್ತಿ ಒಣಗಿ, ಗಾಳಿಯಾಡಿದ ಮೇಲೆಯೇ ಮನೆಯೊಳಗೆ ಹೋಗಿ.
* ನೆಲದ ನಡುಭಾಗ ಒರೆಸಿದರೆ ತೊಂದರೆಯಿಲ್ಲ. ಗೋಡೆಯ ಬುಡ, ಮಂಚದ ಸಂದಿ ಮಾತ್ರ ಒರೆಸಬೇಡಿ. ಔಷಧಿ ಅಳಿಸಿಹೋಗುತ್ತೆ.
* ಮಲಗುವ ಕೋಣೆ ಬದಲಿಸಬೇಡಿ. ಹಾಲ್‌ನಲ್ಲಿ ಮಲಗಿದ್ರೆ ತಿಗಣೆ ಅಲ್ಲಿಗೂ ಬರುತ್ತೆ. ಬೀಗ ಹಾಕಿ ಊರಿಗೆ ಹೋದರೂ ಪ್ರಯೋಜನವಿಲ್ಲ, ರಕ್ತವಿಲ್ಲದೆ ಅದು ತಿಂಗಳುಗಟ್ಟಲೆ ಬದುಕಬಲ್ಲದು.
* ಮಂಚವನ್ನು ಗೋಡೆಯಿಂದ ಸ್ವಲ್ಪ ದೂರ ಎಳೆದು ಹಾಕಿ. ಹೊದಿಕೆ ನೆಲಕ್ಕೆ ತಾಗದಿರಲಿ.
* ಬಟ್ಟೆ, ದಿಂಬಿನ ಕವರ್‌ಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದು, ಒಣಗಿಸಿ, ಕವರ್‌ನಲ್ಲಿ ಕಟ್ಟಿಡಿ. ಹಾಸಿಗೆಯನ್ನು ಬಿಸಿಲಿಗೆ ಹಾಕಿದರಷ್ಟೇ ಸಾಲದು, ಒಳಗಿನವರೆಗೆ ಬಿಸಿ ಮುಟ್ಟಲ್ಲ.

ಪಕ್ಕದ ಮನೆಗೂ ಹೇಳಿ

ಅಪಾರ್ಟ್‌ಮೆಂಟ್‌ನಲ್ಲಿ ಪೈಪ್, ವೈರಿಂಗ್ ತೂತುಗಳ ಮೂಲಕ ತಿಗಣೆ ಮನೆಯಿಂದ ಮನೆಗೆ ದಾಟುತ್ತೆ. ನಾಚಿಕೆಪಟ್ಟು ಮುಚ್ಚಿಟ್ಟರೆ ಎಲ್ಲರಿಗೂ ನಷ್ಟ. ಮಾಲೀಕರಿಗೆ, ಅಕ್ಕಪಕ್ಕ ಹಾಗೂ ಮೇಲೆ ಕೆಳಗಿನ ಮನೆಯವರಿಗೆ ಹೇಳಿ ಒಟ್ಟಿಗೆ ಪರೀಕ್ಷೆ ಮಾಡಿಸಿ. ಹಳೇ ಫರ್ನಿಚರ್ ಮಾರುವವರು, ಲಾಡ್ಜ್ ನಡೆಸುವವರು ಕುಶನ್ ಹೊಲಿಗೆಗಳಲ್ಲಿ ಕಪ್ಪು ಚುಕ್ಕೆ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು.

ಇದನ್ನು ಮಾತ್ರ ಮಾಡಲೇಬೇಡಿ

ಬೇಸತ್ತು ಧಾನ್ಯಕ್ಕೆ ಇಡುವ ಮಾತ್ರೆಗಳನ್ನು ಹಾಸಿಗೆ ಕೆಳಗೆ ಇಡುವವರಿದ್ದಾರೆ. ಇದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತೆ. ಮಲಗಿದವರಷ್ಟೇ ಅಲ್ಲ, ಪಕ್ಕದ ಮನೆಯವರ ಜೀವಕ್ಕೂ ಕುತ್ತು. ಇದಕ್ಕೆ ಪ್ರತಿವಿಷವಿಲ್ಲ. ಕಾನೂನಿನ ಪ್ರಕಾರ ಇದರ ಬಳಕೆಗೆ ನಿರ್ಬಂಧವಿದೆ. ಗಿರಾಕಿ ಎಷ್ಟೇ ಕೇಳಿದರೂ ಅಂಗಡಿಯವರು ಮನೆ ಬಳಕೆಗೆ ಕೊಡಬಾರದು. ಇಂತಹ ಮಾತ್ರೆ ಇಟ್ಟ ಮನೆಯಲ್ಲಿ ಯಾರಿಗಾದರೂ ವಾಂತಿ, ಉಸಿರಾಟದ ತೊಂದರೆ ಶುರುವಾದರೆ ತಕ್ಷಣ ಎಲ್ಲರೂ ಹೊರಬಂದು 108ಕ್ಕೆ ಕರೆ ಮಾಡಿ. ಸೀಮೆಎಣ್ಣೆ, ಪೆಟ್ರೋಲ್, ಬೆಳೆಗೆ ಹೊಡೆಯುವ ಕೀಟನಾಶಕವೂ ಹಾಸಿಗೆಗೆ ಬೇಡ.

ತಿಗಣೆ ಕಚ್ಚಿದರೆ ತುರಿಕೆ, ನಿದ್ದೆಗೇಡು. ಅದರಿಂದ ರೋಗ ಹರಡುವುದು ಸಾಬೀತಾಗಿಲ್ಲ. ಹಾಗಾಗಿ ಗಾಬರಿ ಬೇಡ, ತಾಳ್ಮೆ ಇರಲಿ. ಎರಡನೇ ಸಲದ ನಂತರ ವಾರಕ್ಕೊಮ್ಮೆ ಸಂದಿಗಳನ್ನು ಪರೀಕ್ಷಿಸಿ. ಎರಡು ತಿಂಗಳು ಜೀವಂತ ತಿಗಣೆಯಾಗಲಿ ಹೊಸ ಕಪ್ಪು ಚುಕ್ಕೆಯಾಗಲಿ ಕಾಣದಿದ್ದರೆ ನೆಮ್ಮದಿಯಾಗಿ ಮಲಗಬಹುದು.