ಅನಧಿಕೃತ ಅಪ್‌ಡೇಟ್ ಪ್ಯಾಕ್

ಅನಧಿಕೃತ ಅಪ್‌ಡೇಟ್ ಪ್ಯಾಕ್ ಎಂದರೆ ಗಣಕಯಂತ್ರದ ಹಳೆಯ ಕಾರ್ಯಾಚರಣಾ ವ್ಯವಸ್ಥೆಗೆ ಬೇಕಾದ ಪರಿಷ್ಕರಣೆಗಳನ್ನು, ಆ ವ್ಯವಸ್ಥೆಯ ತಯಾರಕರಲ್ಲದ ವ್ಯಕ್ತಿ ಅಥವಾ ಗುಂಪು ಒಟ್ಟುಗೂಡಿಸಿ ಹಂಚುವ ಕಟ್ಟು. ಇಂತಹ ಕಟ್ಟುಗಳು ಹೆಚ್ಚಾಗಿ ಬಳಕೆಗೆ ಬಂದದ್ದು ಮೈಕ್ರೋಸಾಫ್ಟ್ ವಿಂಡೋಸ್‌ನ ಹಳೆಯ ಆವೃತ್ತಿಗಳಿಗಾಗಿ. ತಯಾರಕರೇ ಹೊರತಂದ ತೇಪೆಗಳನ್ನು ಬದಲಿಸದೆ ಜೋಡಿಸಿಕೊಡುವ ಕಟ್ಟುಗಳಿಗೂ, ವ್ಯವಸ್ಥೆಯ ಕಡತಗಳನ್ನೇ ತಿದ್ದುವ ಕಟ್ಟುಗಳಿಗೂ ಇದೇ ಹೆಸರು ಸಲ್ಲುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇವೆರಡರ ನಡುವೆ ದೊಡ್ಡ ಅಂತರವಿದೆ.

ಹಿನ್ನೆಲೆ

ಮೈಕ್ರೋಸಾಫ್ಟ್ ಸಂಸ್ಥೆಯು ಬಿಡಿ ತೇಪೆಗಳನ್ನು ಆಗಾಗ ಒಗ್ಗೂಡಿಸಿ ಸರ್ವಿಸ್ ಪ್ಯಾಕ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡುತ್ತಿತ್ತು. ಆದರೆ 1999ರಲ್ಲಿ ಬಂದ ವಿಂಡೋಸ್ 98 ಎರಡನೆಯ ಆವೃತ್ತಿಗೆ ಸರ್ವಿಸ್ ಪ್ಯಾಕ್ ಬರಲೇ ಇಲ್ಲ. ಆ ಕೊರತೆಯನ್ನು ತುಂಬಲು ಹವ್ಯಾಸಿಗಳು ಅನಧಿಕೃತ ಸರ್ವಿಸ್ ಪ್ಯಾಕ್ ಒಂದನ್ನು ಸಿದ್ಧಪಡಿಸಿದರು. ಅಧಿಕೃತ ಬೆಂಬಲ 2006ರ ಜುಲೈ 11ರಂದು ಕೊನೆಗೊಂಡ ನಂತರವೂ ಅದು ಬಳಕೆಯಲ್ಲಿತ್ತು.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಕೇವಲ ಅನುಕೂಲದ ಪ್ರಶ್ನೆಯಾಗಿ ಉಳಿಯಲಿಲ್ಲ. 2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ಮತ್ತು 2004ರ ಏಪ್ರಿಲ್ ಕೊನೆಯಲ್ಲಿ ಕಾಣಿಸಿಕೊಂಡ ಸ್ಯಾಸರ್ ಎಂಬ ಹುಳುಗಳಿಗೆ ಬಳಕೆದಾರ ಯಾವುದೇ ಕಡತವನ್ನು ತೆರೆಯಬೇಕಾಗಿರಲಿಲ್ಲ. ಯಂತ್ರವು ಜಾಲಕ್ಕೆ ಸಂಪರ್ಕಗೊಂಡಿದ್ದರೆ ಸಾಕಿತ್ತು. ಹೊಸದಾಗಿ ಎಕ್ಸ್‌ಪಿ ಸ್ಥಾಪಿಸಿದ ಗಣಕಯಂತ್ರವು ತೇಪೆಯನ್ನು ತರಲು ಅಂತರಜಾಲಕ್ಕೆ ಹೋದಾಗ, ತೇಪೆ ಇಳಿಯುವ ಮೊದಲೇ ಹುಳು ಒಳಹೊಕ್ಕಿರುತ್ತಿತ್ತು. 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರ ಪೂರ್ಣ ಕಡತ 266 ಮೆಗಾಬೈಟ್ ಇತ್ತು. ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಅದನ್ನು ಇಳಿಸಿಕೊಳ್ಳಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೂ, ಸುಮಾರು 11 ಗಂಟೆ ಬೇಕು. ಸಿ.ಡಿ.ಯಲ್ಲಿ ಒಯ್ಯಬಹುದಾದ, ಜಾಲಸಂಪರ್ಕವಿಲ್ಲದೆಯೇ ಸ್ಥಾಪಿಸಬಹುದಾದ ಕಟ್ಟುಗಳಿಗೆ ಬೇಡಿಕೆ ಬಂದದ್ದು ಸಹಜವೇ ಆಗಿತ್ತು.

ಬಗೆಗಳು

ಮೊದಲನೆಯ ಬಗೆಯ ಉಪಕರಣಗಳು ತಾವಾಗಿ ಯಾವ ತೇಪೆಯನ್ನೂ ಹೊತ್ತಿರುವುದಿಲ್ಲ. ಅವು ತಯಾರಕರ ಸರ್ವರ್‌ಗಳಿಂದ ಮೂಲ ಕಡತಗಳನ್ನು ಇಳಿಸಿಕೊಂಡು, ಸರಿಯಾದ ಕ್ರಮದಲ್ಲಿ ಸ್ಥಾಪಿಸುತ್ತವೆ. ಜರ್ಮನಿಯ ಗಣಕ ನಿಯತಕಾಲಿಕೆ ಸಿ'ಟಿಯ ಆಶ್ರಯದಲ್ಲಿ ಹುಟ್ಟಿ ಮುಂದೆ ಡಬ್ಲ್ಯುಎಸ್‌ಯುಎಸ್ ಆಫ್‌ಲೈನ್ ಅಪ್‌ಡೇಟ್ ಎಂದು ಹೆಸರಾದ ಉಪಕರಣ ಇದಕ್ಕೆ ಉತ್ತಮ ಉದಾಹರಣೆ.

ಎರಡನೆಯ ಬಗೆಯಲ್ಲಿ ತೇಪೆಗಳನ್ನು ಸ್ಥಾಪನಾ ಡಿಸ್ಕ್‌ನೊಳಗೇ ಬೆಸೆಯಲಾಗುತ್ತದೆ. ಎಕ್ಸ್‌ಪಿಗಾಗಿ ಎನ್‌ಲೈಟ್ ಎಂಬ ತಂತ್ರಾಂಶ ಈ ಕೆಲಸಕ್ಕೆ ಜನಪ್ರಿಯವಾಗಿತ್ತು. ಮೂರನೆಯ ಬಗೆಯು ತಯಾರಕರು ಬೇರೊಂದು ಉತ್ಪನ್ನಕ್ಕಾಗಿ ಹೊರತಂದ ತೇಪೆಗಳನ್ನು ಹಳೆಯ ವ್ಯವಸ್ಥೆಗೆ ಒಗ್ಗಿಸುತ್ತದೆ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು. ಆದರೆ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳಿಗೆಂದು ಎಕ್ಸ್‌ಪಿಯನ್ನೇ ಆಧರಿಸಿ ರೂಪಿಸಿದ್ದ ಪಿಒಎಸ್‌ರೆಡಿ 2009ಕ್ಕೆ 2019ರ ಏಪ್ರಿಲ್ 9ರವರೆಗೂ ತೇಪೆಗಳು ಬಂದವು. ರಿಜಿಸ್ಟ್ರಿಯಲ್ಲಿ ಒಂದು ನಮೂದನ್ನು ಸೇರಿಸಿದರೆ ಮನೆಯ ಎಕ್ಸ್‌ಪಿ ಯಂತ್ರವೂ ಅವನ್ನು ಪಡೆಯುತ್ತಿತ್ತು. ಆ ತೇಪೆಗಳನ್ನು ಸಾಮಾನ್ಯ ಎಕ್ಸ್‌ಪಿಯ ಮೇಲೆ ಪೂರ್ಣವಾಗಿ ಪರೀಕ್ಷಿಸಿಲ್ಲ, ಯಂತ್ರದ ಕೆಲಸಕ್ಕೆ ತೊಂದರೆಯಾಗಬಹುದು ಎಂದು ಮೈಕ್ರೋಸಾಫ್ಟ್ ಎಚ್ಚರಿಸಿತು.

ಇನ್ನು ಕೆಲವು ಕಟ್ಟುಗಳು ವ್ಯವಸ್ಥೆಯ ಗುಣವನ್ನೇ ಬದಲಿಸುತ್ತವೆ. ವಿಂಡೋಸ್ 98ರಲ್ಲಿ ಹೊಸ ತಂತ್ರಾಂಶಗಳನ್ನು ಓಡಿಸಲು ನೆರವಾಗುವ ಕರ್ನಲ್‌ಇಎಕ್ಸ್ ಇಂಥದ್ದು. ಇದನ್ನು ತೇಪೆ ಎನ್ನುವುದಕ್ಕಿಂತ ವಿಸ್ತರಣೆ ಎನ್ನುವುದು ಹೆಚ್ಚು ಸರಿ.

ವಿಂಡೋಸ್ 7ರ ಸಮಸ್ಯೆ

ವಿಂಡೋಸ್ 7ಕ್ಕೆ ಬಂದದ್ದು ಒಂದೇ ಸರ್ವಿಸ್ ಪ್ಯಾಕ್, ಅದೂ 2011ರ ಫೆಬ್ರವರಿಯಲ್ಲಿ. ಅದರ ನಂತರ ಬಿಡಿ ತೇಪೆಗಳು ರಾಶಿಯಾಗಿ ಬೆಳೆದವು. ಹೊಸದಾಗಿ ಸ್ಥಾಪಿಸಿದ ಯಂತ್ರದಲ್ಲಿ ಯಾವ ತೇಪೆ ಬೇಕು, ಯಾವುದು ಬೇಡ ಎಂಬ ಹುಡುಕಾಟವೇ ಗಂಟೆಗಟ್ಟಲೆ ನಡೆಯುತ್ತಿತ್ತು. ಆ ಅವಧಿಯಲ್ಲಿ ಪ್ರೊಸೆಸರ್ ಬೇರೆ ಕೆಲಸಕ್ಕೆ ಸಿಗುತ್ತಿರಲಿಲ್ಲ. 2016ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ವರ್ಷದ ಏಪ್ರಿಲ್‌ವರೆಗಿನ ಬಹುತೇಕ ತೇಪೆಗಳನ್ನು ಒಂದೇ ಕಟ್ಟಾಗಿ ನೀಡಿತು. ಅದಕ್ಕೆ ಸರ್ವಿಸ್ ಪ್ಯಾಕ್ ಎಂಬ ಹೆಸರನ್ನು ಕೊಡಲಿಲ್ಲ. ಹವ್ಯಾಸಿಗಳು ವರ್ಷಗಳಿಂದ ಮಾಡುತ್ತಿದ್ದ ಕೆಲಸವನ್ನು ಸಂಸ್ಥೆ ತಡವಾಗಿಯಾದರೂ ತಾನೇ ಮಾಡಿದಂತಾಯಿತು.

ಅಷ್ಟಕ್ಕೂ ತೊಡಕು ಮುಗಿಯಲಿಲ್ಲ. ತೇಪೆಗಳ ಡಿಜಿಟಲ್ ಸಹಿಗೆ ಬಳಸುತ್ತಿದ್ದ ಎಸ್‌ಎಚ್‌ಎ-1 ವಿಧಾನ ದುರ್ಬಲವೆಂದು ಕಂಡುಬಂದಿದ್ದರಿಂದ 2019ರಲ್ಲಿ ಎಸ್‌ಎಚ್‌ಎ-2 ಕಡ್ಡಾಯವಾಯಿತು. ಹಳೆಯ ಡಿಸ್ಕ್‌ನಿಂದ ಸ್ಥಾಪಿಸಿದ ವಿಂಡೋಸ್ 7 ಈ ಹೊಸ ಸಹಿಯನ್ನು ಗುರುತಿಸುವುದಿಲ್ಲ. ಗುರುತಿಸುವಂತೆ ಮಾಡುವ ಎರಡು ತೇಪೆಗಳನ್ನು ಮೊದಲು ಕೈಯಾರೆ ಸ್ಥಾಪಿಸಿದ ನಂತರವೇ ಉಳಿದವು ಒಳಬರುತ್ತವೆ. ಈ ಕ್ರಮವನ್ನು ಅರಿಯದವರಿಗೆ ಸಿಗುವುದು ಅರ್ಥವಾಗದ ದೋಷಸಂಖ್ಯೆ ಮಾತ್ರ. ಅಪ್‌ಡೇಟ್ ಪ್ಯಾಕ್‌ಗಳ ನಿಜವಾದ ಉಪಯೋಗವಿರುವುದು ತೇಪೆಗಳನ್ನು ಒದಗಿಸುವುದಕ್ಕಿಂತ ಹೆಚ್ಚಾಗಿ ಇಂತಹ ಕ್ರಮವನ್ನು ನೆನಪಿಟ್ಟುಕೊಳ್ಳುವುದರಲ್ಲಿ.

ಆಟೋಪ್ಯಾಚರ್ ಪ್ರಕರಣ

2003ರಲ್ಲಿ ಆರಂಭವಾದ ಆಟೋಪ್ಯಾಚರ್, ವಿಂಡೋಸ್ ತೇಪೆಗಳನ್ನು ಒಂದೇ ದೊಡ್ಡ ಕಡತವಾಗಿ ಹಂಚುತ್ತಿತ್ತು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸುವಂತೆ ಸೂಚಿಸಿತು. ತೇಪೆಗಳ ಮರುವಿತರಣೆಗೆ ಪರವಾನಗಿ ಇಲ್ಲ, ಬೇರೆಯವರ ಮೂಲಕ ಬಂದ ಕಡತದಲ್ಲಿ ಕುತಂತ್ರಾಂಶ ಸೇರುವ ಸಾಧ್ಯತೆಯಿದೆ ಎಂಬುದು ಸಂಸ್ಥೆಯ ವಾದ. ಆಟೋಪ್ಯಾಚರ್ ಆನಂತರ ರೂಪ ಬದಲಿಸಿ ಮರಳಿತು: ತಾನು ಕಡತಗಳನ್ನು ಹಂಚುವ ಬದಲು ಮೈಕ್ರೋಸಾಫ್ಟ್‌ನ ಸರ್ವರ್‌ನಿಂದಲೇ ಇಳಿಸಿಕೊಳ್ಳತೊಡಗಿತು.

ಈ ಪರಿಹಾರಕ್ಕೂ ಒಂದು ಮಿತಿಯಿದೆ. ಮೂಲ ಸರ್ವರ್‌ನಲ್ಲಿ ಕಡತ ಇರುವವರೆಗೆ ಮಾತ್ರ ಅದು ನಡೆಯುತ್ತದೆ. 2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಎಸ್‌ಎಚ್‌ಎ-1 ಸಹಿಯುಳ್ಳ ಕಡತಗಳನ್ನು ತನ್ನ ಡೌನ್‌ಲೋಡ್ ಕೇಂದ್ರದಿಂದ ತೆಗೆದುಹಾಕಿತು. ಆ ಬಳಿಕ ಹಳೆಯ ಆವೃತ್ತಿಗಳ ಅನೇಕ ಕಡತಗಳಿಗೆ ಹವ್ಯಾಸಿಗಳ ಸಂಗ್ರಹಗಳನ್ನೇ ಅವಲಂಬಿಸಬೇಕಾಗಿದೆ.

ತಯಾರಕರಿಗಿಂತ ಮೊದಲು ಬಂದ ತೇಪೆ

ಹೊರಗಿನವರ ತೇಪೆಯನ್ನು ತಜ್ಞರೇ ಶಿಫಾರಸು ಮಾಡಿದ ನಿದರ್ಶನವೂ ಉಂಟು. 2005ರ ಡಿಸೆಂಬರ್ ಕೊನೆಯಲ್ಲಿ ವಿಂಡೋಸ್‌ನ ಡಬ್ಲ್ಯುಎಂಎಫ್ ಚಿತ್ರಕಡತಗಳ ನಿರ್ವಹಣೆಯಲ್ಲಿ ಗಂಭೀರ ಲೋಪ ಬಯಲಾಯಿತು. ಚಿತ್ರವೊಂದನ್ನು ನೋಡಿದ ಮಾತ್ರಕ್ಕೆ ಯಂತ್ರವು ಪರರ ವಶವಾಗಬಹುದಿತ್ತು. ಐಡಿಎ ಎಂಬ ಪ್ರಸಿದ್ಧ ವಿಶ್ಲೇಷಣಾ ತಂತ್ರಾಂಶದ ಕರ್ತೃ ಇಲ್ಫಾಕ್ ಗುಯಿಲ್ಫಾನೊವ್ ಕೆಲವೇ ದಿನಗಳಲ್ಲಿ ತಾತ್ಕಾಲಿಕ ತೇಪೆಯೊಂದನ್ನು ಬರೆದರು. ಸ್ಯಾನ್ಸ್ ಸಂಸ್ಥೆಯ ಇಂಟರ್‌ನೆಟ್ ಸ್ಟಾರ್ಮ್ ಸೆಂಟರ್ ಅದನ್ನು ಪರೀಕ್ಷಿಸಿ ಬಳಸಬಹುದೆಂದು ಹೇಳಿತು. ಅಧಿಕೃತ ತೇಪೆ ಬಂದದ್ದು 2006ರ ಜನವರಿ 5ರಂದು. ಈ ಪ್ರಕರಣದಲ್ಲಿ ತೇಪೆಯನ್ನು ಬರೆದವರು ಯಾರೆಂದು ತಿಳಿದಿತ್ತು, ಮೂರನೆಯವರೊಬ್ಬರು ಅದನ್ನು ಪರಿಶೀಲಿಸಿದ್ದರು. ಹೆಸರಿಲ್ಲದವರ ಕಟ್ಟುಗಳನ್ನು ಇದರೊಂದಿಗೆ ಹೋಲಿಸಲಾಗದು.

ಸ್ಲೊವೇನಿಯಾದ ಆಕ್ರೋಸ್ ಸೆಕ್ಯುರಿಟಿ ಸಂಸ್ಥೆಯ 0ಪ್ಯಾಚ್ ಎಂಬ ಸೇವೆ ಇಂದು ಇದೇ ದಾರಿಯಲ್ಲಿ ಸಾಗಿದೆ. ಅದು ಡಿಸ್ಕ್‌ನಲ್ಲಿರುವ ಕಡತಗಳನ್ನು ಮುಟ್ಟದೆ, ಓಡುತ್ತಿರುವ ತಂತ್ರಾಂಶವನ್ನು ಸ್ಮರಣೆಯಲ್ಲೇ ತಿದ್ದುತ್ತದೆ.

ಅಪಾಯ ಮತ್ತು ಪರಿಶೀಲನೆ

ಅಪ್‌ಡೇಟ್ ಪ್ಯಾಕ್ ಅನ್ನು ನಿರ್ವಾಹಕರ ಹಕ್ಕಿನೊಂದಿಗೆ ಓಡಿಸಬೇಕಾಗುತ್ತದೆ. ಅಂದರೆ ಅದನ್ನು ರಚಿಸಿದವರಿಗೆ ಆ ಹೊತ್ತಿನಲ್ಲಿ ಇಡೀ ಯಂತ್ರದ ಕೀಲಿಕೈ ಕೊಟ್ಟಂತೆ. ಆದ್ದರಿಂದ ಮೂಲ ತೇಪೆಗಳು ಬದಲಾಗದೆ ಉಳಿದಿವೆಯೇ ಎಂಬುದು ಮೊದಲ ಪ್ರಶ್ನೆ. ಕಟ್ಟನ್ನು ಬಿಚ್ಚಿ ಒಳಗಿನ ಕಡತಗಳನ್ನು ನೋಡಲು ಸಾಧ್ಯವಿದ್ದರೆ, ಪ್ರತಿಯೊಂದರ ಗುಣಲಕ್ಷಣಗಳಲ್ಲಿ ಡಿಜಿಟಲ್ ಸಹಿಯನ್ನು ಪರಿಶೀಲಿಸಬಹುದು. ಮೈಕ್ರೋಸಾಫ್ಟ್ ಸಹಿ ಮಾಡಿದ ಕಡತದಲ್ಲಿ ಒಂದು ಬೈಟ್ ಬದಲಾದರೂ ಸಹಿ ಊರ್ಜಿತವಾಗುವುದಿಲ್ಲ. ಆದರೆ ತೇಪೆಗಳನ್ನು ಓಡಿಸುವ ಹೊರಕವಚಕ್ಕೆ ಆ ಸಹಿ ಇರುವುದಿಲ್ಲ. ಅಲ್ಲಿ ಬಳಕೆದಾರ ನಂಬಬೇಕಾದದ್ದು ಕವಚದ ಕರ್ತೃವನ್ನೇ. ರಚನಾಕಾರರು ಪ್ರಕಟಿಸುವ ಹ್ಯಾಶ್ ಮೌಲ್ಯವನ್ನು ತಾಳೆ ನೋಡಿದರೆ, ಕಡತ ದಾರಿಯಲ್ಲಿ ಬದಲಾಗಿಲ್ಲ ಎಂಬುದಷ್ಟೇ ತಿಳಿಯುತ್ತದೆ, ರಚನಾಕಾರರ ಉದ್ದೇಶ ತಿಳಿಯುವುದಿಲ್ಲ. ಸ್ಥಾಪನೆಗೆ ಮುನ್ನ ಡಿಸ್ಕ್‌ನ ಪೂರ್ಣ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಅವಶ್ಯ.

ತೇಪೆಯೇ ಹಾಕದಿರುವುದು ಸುರಕ್ಷಿತ ಎಂದೂ ಹೇಳಲಾಗದು. 2017ರ ಮೇ 12ರಂದು ಹರಡಿದ ವಾನ್ನಾಕ್ರೈ ಬಳಸಿಕೊಂಡ ಲೋಪಕ್ಕೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ಆಗಿನ್ನೂ ಬೆಂಬಲದಲ್ಲಿದ್ದ ವಿಂಡೋಸ್ 7ರ ಯಂತ್ರಗಳೇ ಅದಕ್ಕೆ ಹೆಚ್ಚಾಗಿ ಬಲಿಯಾದವು. ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆ ಸಂದರ್ಭದಲ್ಲಿ ತೇಪೆಯನ್ನು ಒದಗಿಸಿತು.

ಅತ್ಯುತ್ತಮ ಕಟ್ಟು ಕೂಡ ತಯಾರಕರು ಬರೆದಿರುವ ತೇಪೆಗಳ ಆಚೆಗೆ ಹೋಗಲಾರದು. ಎಕ್ಸ್‌ಪಿಯಲ್ಲಿ ಇಂದು ಹೊಸ ಲೋಪವೊಂದು ಪತ್ತೆಯಾದರೆ, ಜೋಡಿಸಲು ತೇಪೆಯೇ ಇರುವುದಿಲ್ಲ. ಹಳೆಯ ತಂತ್ರಾಂಶ ಅಥವಾ ಪ್ರಯೋಗಾಲಯದ ಉಪಕರಣಕ್ಕಾಗಿ ಅಂತಹ ಯಂತ್ರವನ್ನು ಉಳಿಸಿಕೊಳ್ಳಲೇಬೇಕಾದಾಗ, ಅದನ್ನು ಅಂತರಜಾಲದಿಂದ ಬೇರ್ಪಡಿಸಿ ಇಡುವುದು ಉಚಿತ.

ಭಾರತದಲ್ಲಿ

ಭಾರತದ ಬ್ಯಾಂಕುಗಳ ಅನೇಕ ಎಟಿಎಂಗಳು ಬೆಂಬಲ ಮುಗಿದ ನಂತರವೂ ಎಕ್ಸ್‌ಪಿಯಲ್ಲೇ ನಡೆಯುತ್ತಿದ್ದವು. ಭಾರತೀಯ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಬೆಂಬಲವಿರುವ ಆವೃತ್ತಿಗೆ ಎಲ್ಲ ಎಟಿಎಂಗಳನ್ನೂ ಹಂತಹಂತವಾಗಿ 2019ರ ಜೂನ್ ಒಳಗೆ ಬದಲಿಸುವಂತೆ ಆದೇಶಿಸಿತು.

ಕನ್ನಡ ಬಳಕೆದಾರರಿಗೆ ಸಂಬಂಧಿಸಿದ ಸಣ್ಣ ವಿಷಯವೊಂದಿದೆ. ಕನ್ನಡ ಯೂನಿಕೋಡ್ ಮತ್ತು ತುಂಗಾ ಫಾಂಟ್ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿಯೊಂದಿಗೆ. ಆದರೆ ಸಂಯುಕ್ತ ಲಿಪಿಗಳ ಬೆಂಬಲವನ್ನು ಮೂಲ ಸಿ.ಡಿ.ಯಿಂದ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಗಾತ್ರ ತಗ್ಗಿಸಲು ಎನ್‌ಲೈಟ್ ಮೂಲಕ ಭಾಷಾ ಕಡತಗಳನ್ನು ಕಿತ್ತುಹಾಕಿ ತಯಾರಿಸಿದ ಡಿಸ್ಕ್‌ಗಳಲ್ಲಿ ಈ ಭಾಗವೇ ಇಲ್ಲವಾಗುತ್ತದೆ. ಅಂತಹ ಡಿಸ್ಕ್‌ನಿಂದ ಸ್ಥಾಪಿಸಿದ ಯಂತ್ರಕ್ಕೆ ಎಷ್ಟು ತೇಪೆ ಹಾಕಿದರೂ ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಕಾಣಿಸಬಹುದು.