ಮೆಣಸಿನಕಾಯಿಯ ಮೇಲೆ ಬಂದ ಅಪವಾದ

ಅಗಡಿಯ ಸೀಮೆಗೆ ಬಡಗಲಲ್ಲಿ ಸವಣೂರು, ತೆಂಕಲಲ್ಲಿ ಬ್ಯಾಡಗಿ. ಒಂದು ವೀಳ್ಯದೆಲೆಗೆ ಹೆಸರಾದರೆ ಇನ್ನೊಂದು ಮೆಣಸಿನಕಾಯಿಗೆ. ಪಡುವಲ ಮಲೆನಾಡಿನ ಅಡಿಕೆಯೂ ಬಂದು ಸೇರಿತೆಂದರೆ ಬಾಯಿಗೆ ಬೇಕಾದದ್ದೆಲ್ಲ ಆಸುಪಾಸಿನಲ್ಲೇ ಸಿಕ್ಕಂತೆ. ಇವುಗಳಲ್ಲಿ ಬಾಯಿ ಕೆಡಿಸುವುದು ಯಾವುದು ಎಂಬ ವ್ಯಾಜ್ಯ ವೈದ್ಯಶಾಸ್ತ್ರದಲ್ಲಿ ಕೆಲವು ದಶಕ ನಡೆಯಿತು. ಮೊದಲು ಕಟಕಟೆ ಹತ್ತಿದ್ದು ಮೆಣಸಿನಕಾಯಿ. ಅಪರಾಧ ಅದರದ್ದಲ್ಲ, ಅಡಿಕೆಯದು. ಅದಕ್ಕಿಂತ ಹೆಚ್ಚಾಗಿ, ಅಡಿಕೆಯನ್ನು ದವಡೆಗಿಟ್ಟು ಮರೆಯುವ ರೂಢಿಯದು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹೇಳುವುದು ಕೆನ್ನೆಯ ಒಳಪದರದ ತಳದಲ್ಲಿ ಕೂತಿರುವ ಕೆಲವೇ ಕೋಶಗಳು.

ತಾಂಬೂಲದ ಹಿರಿತನವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ಸಾಲಿಗೆ ಅದನ್ನೂ ಸೇರಿಸಿದ. ಅದೇ ಶತಮಾನದಲ್ಲಿ ಬಸವಣ್ಣನವರ ಎಲೆಯಡಿಕೆಯ ಚೀಲ ಹಿಡಿದವರು ಹಡಪದ ಅಪ್ಪಣ್ಣ. ಹಡಪವೆಂದರೆ ಆ ಚೀಲವೇ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ವೀಳ್ಯದ ಗುಣಗಾನ ಮಾಡಿದ್ದಾನೆ. ಆದರೆ ಇವರಾರ ಬಾಯಲ್ಲೂ ತಂಬಾಕು ಇರಲಿಲ್ಲ. ತಂಬಾಕು, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗೇರಿ ಬಂದವು. 17ನೇ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ದರಬಾರಿಗೆ ತಂಬಾಕನ್ನು ಕೊಂಡೊಯ್ದ ಅಸದ್ ಬೇಗ್‌ಗೆ ಅದು ಸಿಕ್ಕಿದ್ದು ನಮ್ಮ ವಿಜಾಪುರದಲ್ಲಿ. ಎಲೆಸಂಚಿಗೆ ತಂಬಾಕು ಸೇರಿದ್ದು ಆಮೇಲೆ, ಗುಟ್ಕಾದ ಚೀಟಿ ಬಂದದ್ದಂತೂ ನಿನ್ನೆ ಮೊನ್ನೆ. ‘ಸಾವಿರ ವರ್ಷದ ಪದ್ಧತಿ’ ಎನ್ನುವವರು ಯಾವುದರ ಸಾವಿರ ವರ್ಷ ಎಂದು ಮೊದಲು ಹೇಳಬೇಕು.

ಇನ್ನು ಅಪವಾದದ ಕಥೆ. 1952ರಲ್ಲಿ ಶ್ವಾರ್ಟ್ಜ್ ಎಂಬುವರು ಕೆನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಿಬೇನೆಯನ್ನು ವಿವರಿಸಿದರು. ಮರುವರ್ಷ ಜೋಶಿ ಎಂಬ ವೈದ್ಯರು ಅದನ್ನೇ ನಮ್ಮ ದೇಶದ ರೋಗಿಗಳಲ್ಲಿ ಗುರುತಿಸಿದರು. ಕೆನ್ನೆಯ ಒಳಮೈ ರಕ್ತವಿಲ್ಲದಂತೆ ಬಿಳಿಚುತ್ತದೆ, ಬೆರಳಾಡಿಸಿದರೆ ಹಗ್ಗದ ಎಳೆಯಂತೆ ಗಟ್ಟಿ ಪಟ್ಟಿ ತಾಗುತ್ತದೆ, ದವಡೆ ದಿನದಿಂದ ದಿನಕ್ಕೆ ಬಿಗಿಯುತ್ತದೆ. ರೊಟ್ಟಿಯ ತುತ್ತಿಗೂ ಬಾಯಿ ಸಾಲದಾಗುತ್ತದೆ. ಇದೆಲ್ಲಕ್ಕೂ ಮೊದಲು ಕಾಣುವ ಲಕ್ಷಣವೇ ಬೇರೆ: ನಿನ್ನೆಯವರೆಗೆ ರಂಜಕ ಹಚ್ಚಿಕೊಂಡು ಉಣ್ಣುತ್ತಿದ್ದವನಿಗೆ ಇಂದು ಚಿಟಿಕೆ ಖಾರವೂ ಬೆಂಕಿ. ಉರಿಯುವುದು ಖಾರಕ್ಕೆ, ಆದ್ದರಿಂದ ಉರಿ ಹಚ್ಚಿದ್ದೂ ಖಾರವೇ ಎಂದುಕೊಳ್ಳುವುದು ಸಹಜ. 1960ರಲ್ಲಿ ಮುಂಬೈಯ ಸಿರ್ಸಾಟ್ ಮತ್ತು ಖಾನೋಲ್ಕರ್, ಪೋಷಣೆ ಕಡಿಮೆ ಮಾಡಿದ ಇಲಿಗಳ ಅಂಗುಳಿಗೆ ಮೆಣಸಿನಕಾಯಿಯ ಖಾರಸತ್ವ ಬಳಿದು ಅಂಥದೇ ಬದಲಾವಣೆ ಕಂಡರು. ಪ್ರಯೋಗ ಪ್ರಾಮಾಣಿಕವೇ, ಆದರೆ ಊರೂರಿನ ಬಾಯಿ ನೋಡಿದಾಗ ತೀರ್ಮಾನ ನಿಲ್ಲಲಿಲ್ಲ. ಮೆಣಸಿನಕಾಯಿಯ ತವರಾದ ಮೆಕ್ಸಿಕೋದಲ್ಲಿ ಈ ಬೇನೆ ಇಲ್ಲ, ಅಡಿಕೆ ಜಗಿಯುವ ಕಡೆಯೆಲ್ಲ ಇದೆ. (ಬಣ್ಣಕ್ಕೆ ಹೆಸರಾದ, ಖಾರ ಕಮ್ಮಿಯಾದ ಬ್ಯಾಡಗಿಗೆ ಈ ಆರೋಪ ಮೊದಲೇ ಹೊಂದುವಂಥದ್ದಲ್ಲ.) ಅಡಿಕೆಯ ಅರೆಕೊಲಿನ್ ನಾರು ನೇಯುವ ಕೋಶಗಳನ್ನು ಕೆಣಕುತ್ತದೆ, ಅದರಲ್ಲಿರುವ ತಾಮ್ರ ಆ ನಾರನ್ನು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಗಮನಿಸಿದಾಗ ಐವರಿಗೆ ಬಾಯಿ ಕ್ಯಾನ್ಸರ್ ಬಂತು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಕೆನ್ನೆಯ ಒಳಹೊದಿಕೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ ಹೊಸದಾಗುತ್ತದೆ. ನಲವತ್ತು ವರ್ಷ ಎಲೆಯಡಿಕೆ ಹಾಕಿದವನು ಅದನ್ನು ಸಾವಿರ ಸಲ ಉದುರಿಸಿರುತ್ತಾನೆ. ಹಾಗಿದ್ದರೆ ಕೆಡುಕು ಎಲ್ಲಿ ಕೂಡಿಬೀಳುತ್ತದೆ? ಉತ್ತರ ಸವಣೂರಿನ ಎಲೆತೋಟದಲ್ಲೇ ಇದೆ. ಎಲೆ ಕೊಯ್ದು ಪೇಟೆಗೆ ಹೋಗುತ್ತದೆ, ಬಳ್ಳಿ ಉಳಿಯುತ್ತದೆ; ಬೆಳೆದ ಬಳ್ಳಿಯನ್ನು ಇಳಿಸಿ ಬುಡಕ್ಕೆ ಸುತ್ತಿ ಮಣ್ಣು ಕೊಟ್ಟರೆ ಮತ್ತೆ ಚಿಗುರುತ್ತದೆ. ರೋಗ ಎಲೆಗೆ ತಗಲಿದರೆ ಎಲೆ ಹೋಯಿತು, ಬಳ್ಳಿಗೆ ತಗಲಿದರೆ ಬರುವ ಎಲೆಯೆಲ್ಲ ರೋಗಿಷ್ಠ. ಒಳಹೊದಿಕೆಯ ಬುಡದ ಸಾಲಿನಲ್ಲಿರುವ ಕಾಂಡಕೋಶಗಳೇ ಆ ಬಳ್ಳಿ. ಅವು ಒಡೆದು, ಒಂದು ಪಾಲನ್ನು ಮೇಲಕ್ಕೆ ಕಳಿಸಿ, ಇನ್ನೊಂದನ್ನು ತಳದಲ್ಲೇ ಉಳಿಸಿಕೊಳ್ಳುತ್ತವೆ. ದಶಕಗಳ ಲೆಕ್ಕ ಬರೆದಿಡಬಲ್ಲವು ಇವು ಮಾತ್ರ. 1953ರಲ್ಲಿ ಅಮೆರಿಕದ ಸ್ಲಾಟರ್ 783 ಬಾಯಿ ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿ, ಗಡ್ಡೆಯ ಸುತ್ತಲಿನ ಹೊದಿಕೆಯೂ ಕೆಟ್ಟಿರುತ್ತದೆಂದು ತೋರಿಸಿದ. ಕೆಟ್ಟ ಕಾಂಡಕೋಶವೊಂದರ ಸಂತಾನ ಅಕ್ಕಪಕ್ಕದ ನೆಲ ಒತ್ತುವರಿ ಮಾಡುತ್ತದೆಂದು ಮುಂದೆ ಅದಕ್ಕೆ ವಿವರಣೆ ಬಂತು. ಮೇಲಕ್ಕೆ ಹೊರಟ ಕೋಶವೂ ಮರಳಿ ಕಾಂಡಕೋಶದ ಗುಣ ಪಡೆಯಬಹುದು ಎನ್ನುವ ವಿಜ್ಞಾನಿಗಳಿದ್ದಾರೆ. ಇರಲಿ, ಹಾಗಾದರೂ ಅದು ಉದುರದೆ ಉಳಿಯಲೇಬೇಕಲ್ಲ.

‘ನಮ್ಮಜ್ಜ ತೊಂಬತ್ತರವರೆಗೆ ಎಲೆ ಹಾಕಿದ, ಏನೂ ಆಗಲಿಲ್ಲ’ ಎಂಬ ಮಾತು ಸುಳ್ಳಲ್ಲ. ಬುಡದ ಕೋಶದಲ್ಲಿ ಒಂದರ ಮೇಲೊಂದು ತಪ್ಪು ಕೂಡಬೇಕು. ಹೆಚ್ಚಿನವರಿಗೆ ಆ ಲೆಕ್ಕ ತುಂಬುವುದಿಲ್ಲ. ಆದರೆ ತೊಂಬತ್ತು ದಾಟಿದ ಅಜ್ಜನ ಕಥೆ ಮನೆಯಲ್ಲಿ ಉಳಿಯುತ್ತದೆ, ಐವತ್ತಕ್ಕೆ ಹೋದವನದು ಉಳಿಯುವುದಿಲ್ಲ. ‘ದೋಷ ತಂಬಾಕಿನದು, ಅಡಿಕೆಯದಲ್ಲ’ ಎಂಬುದು ಇನ್ನೊಂದು ಮಾತು. ತಂಬಾಕಿನ ದೋಷ ದೊಡ್ಡದೇ. ಆದರೆ ಪಪುವಾ ನ್ಯೂಗಿನಿಯಲ್ಲಿ ಅಡಿಕೆಯನ್ನು ತಂಬಾಕಿಲ್ಲದೆ ಜಗಿಯುತ್ತಾರೆ, ಸುಣ್ಣವನ್ನು ಬಾಯಿಯ ಒಂದೇ ಮೂಲೆಗೆ ತಾಗಿಸುತ್ತಾರೆ. ಹುಣ್ಣು ಏಳುವುದೂ ಬಹುಪಾಲು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಗ್ರಂಥದಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಬರೆದಿದೆ.

ಊಟವಾದ ಮೇಲೆ ಅಡಕೊತ್ತಿನಲ್ಲಿ ಕತ್ತರಿಸಿ, ಎಲೆಗೆ ಸುಣ್ಣ ಸವರಿ, ಮಡಿಚಿ, ಜಗಿದು ಮುಗಿಸುವ ತಾಂಬೂಲಕ್ಕೆ ಒಂದು ಹೊತ್ತಿತ್ತು, ಕೆಲಸವಿತ್ತು. ಚೀಟಿಗೆ ಹೊತ್ತೂ ಇಲ್ಲ, ಎಲೆಯೂ ಇಲ್ಲ. ಹರಿದು ಸುರಿದುಕೊಂಡರೆ ಲಾರಿ ಊರು ಮುಟ್ಟುವವರೆಗೆ ದವಡೆಯಲ್ಲೇ. ಕರ್ನಾಟಕ ಸರ್ಕಾರ 2013ರ ಮೇ 31ರಂದು ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ತೂಗತೊಡಗಿದವು. ಎರಡೂ ಕೂಡುವುದು ಅದೇ ಕೆನ್ನೆಯ ಸಂದಿನಲ್ಲಿ. ಅಡಿಕೆ ಹಾಕುವ ರೂಢಿಯವರು ಕನ್ನಡಿಯ ಮುಂದೆ ನಿಂತು, ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸಿ ನೋಡಲಿ. ಹಿಡಿಸದಿದ್ದರೆ, ಅಥವಾ ಮೂರು ವಾರವಾದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಕಂಡರೆ, ಖಾರ ಬಿಟ್ಟು ಪ್ರಯೋಜನವಿಲ್ಲ. ಅಡಿಕೆ ಬಿಟ್ಟು ಆ ವಾರವೇ ದಂತವೈದ್ಯರಿಗೆ ಬಾಯಿ ತೋರಿಸಿ.