ಗಿಡ ನೆಟ್ಟರಷ್ಟೇ ಕಾಡಿನ ಪಾಠವೇ?

ಜುಲೈ ಮೊದಲ ವಾರ ಬಂತೆಂದರೆ ಶಾಲೆಯ ಅಂಗಳದಲ್ಲಿ ಗುಂಡಿ ತೋಡುವ ಸಂಭ್ರಮ. ಅತಿಥಿಗಳು ಬರುತ್ತಾರೆ, ಸಸಿಯ ಬುಡಕ್ಕೆ ಒಂದು ಚೊಂಬು ನೀರು ಬೀಳುತ್ತದೆ, ಮಕ್ಕಳಿಗೆ ಸಿಹಿ ಹಂಚಲಾಗುತ್ತದೆ. ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಎಂಬುದು ಹಳೆಯ ನಗೆಮಾತು. ನಗೆಮಾತಾದರೂ ಅದರಲ್ಲಿ ಸುಳ್ಳು ಕಡಿಮೆ.

ರವೀಂದ್ರನಾಥ ಟ್ಯಾಗೋರ್ 1928ರಲ್ಲೇ ಶಾಂತಿನಿಕೇತನದಲ್ಲಿ ವೃಕ್ಷಾರೋಪಣವನ್ನು ಹಾಡು, ನೃತ್ಯಗಳ ಹಬ್ಬವನ್ನಾಗಿ ಮಾಡಿದ್ದರು. ಅದನ್ನು ದೇಶದ ಕಾರ್ಯಕ್ರಮವಾಗಿಸಿದವರು ಕೇಂದ್ರದಲ್ಲಿ ಕೃಷಿ ಸಚಿವರಾಗಿದ್ದ ಕೆ.ಎಂ. ಮುನ್ಷಿ. 1950ರಲ್ಲಿ ಅವರು ವನಮಹೋತ್ಸವಕ್ಕೆ ಚಾಲನೆ ಕೊಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಕಾಡು ಎಂದರೆ ನೆಡುವ ವಸ್ತು ಎಂಬ ಭಾವನೆ ಬಂತೇ ಹೊರತು, ನೋಡಿ ಕಲಿಯುವ ವಸ್ತು ಎಂಬ ಭಾವನೆ ಅಷ್ಟಾಗಿ ಬರಲಿಲ್ಲ. ನೀಲಗಿರಿಯ ಸಾಲು ನೆಟ್ಟರೂ ಕಾಡು, ಅಕೇಶಿಯಾ ನೆಟ್ಟರೂ ಕಾಡು ಎಂಬಂತಾಯಿತು.

ನೋಡಿ ಕಲಿಯುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಕಥೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಒದಗಿಸತೊಡಗಿತು. ಬುಟ್ಟಿ ಹೆಣೆಯುವ ಮೇದಾರನಿಗೆ ಮಾತ್ರ ಅದೇ ಬಿದಿರು ಪೇಟೆಯ ದುಬಾರಿ ಬೆಲೆಗೆ. ಎರಡು ದಶಕ ಕಳೆಯುವ ಮುನ್ನವೇ ಬಿದಿರು ತೀರುತ್ತಾ ಬಂತು. ಬುಟ್ಟಿಗಾಗಿ ಕಡಿಯುವವರು, ದನ ಮೇಯಿಸುವವರು ಕಾಡನ್ನು ಹಾಳು ಮಾಡಿದರೆಂದು ಒಂದು ಕಡೆಯ ದೂರು; ಕಾರ್ಖಾನೆಯೇ ನುಂಗಿತೆಂದು ಇನ್ನೊಂದು ಕಡೆಯದು. 1975ರಲ್ಲಿ ರಾಜ್ಯ ಸರ್ಕಾರ ಇದರ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಒಪ್ಪಿಸಿತು.

ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಸವರಿ ತೆಗೆದರೆ ಗಾಳಿ ಬೆಳಕು ಆಡಿ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆಯಾಗಿತ್ತು. ಹಳ್ಳಿಯವರು ಹೇಳಿದ್ದು ಇದಕ್ಕೆ ವಿರುದ್ಧ. ಮುಳ್ಳು ಹೋದರೆ ಮಳೆಗಾಲದಲ್ಲಿ ಏಳುವ ಎಳೆ ಕಳಲೆಗೆ ಕಾವಲೇ ಇರುವುದಿಲ್ಲ, ದನಗಳೂ ಕಾಡುಪ್ರಾಣಿಗಳೂ ಮುರಿದು ತಿನ್ನುತ್ತವೆ ಎಂದರು. ಗಾಡ್ಗೀಳರು ಮತ್ತು ಅವರ ಸಂಗಡಿಗರು ಮೆಳೆಗಳ ನಡುವೆ ಕೂತು ಕಳಲೆಗಳನ್ನು ಎಣಿಸಿದರು. ಹಳ್ಳಿಯವರ ಮಾತೇ ನಿಜವೆಂದು ಗೊತ್ತಾಯಿತು. ಕಚೇರಿಯಲ್ಲಿ ಕೂತು ಬರೆದ ವೈಜ್ಞಾನಿಕ ನಿರ್ವಹಣೆಗೆ ಕಾಡಿನಲ್ಲಿ ಇಷ್ಟು ಸುಲಭವಾಗಿ ಉತ್ತರ ಸಿಕ್ಕಿತು ಎಂಬುದು ಗಮನಾರ್ಹ.

ಇದೇ ಎಣಿಕೆಯ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಬಲ್ಲರು ಎಂಬ ಯೋಚನೆ 1990ರ ದಶಕದಲ್ಲಿ ಪಶ್ಚಿಮ ಘಟ್ಟ ಜೀವವೈವಿಧ್ಯ ಜಾಲವಾಗಿ ರೂಪು ತಳೆಯಿತು. ಘಟ್ಟದ ಆಸುಪಾಸಿನ ಪದವಿ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ಗಿಡಮರ, ಹಕ್ಕಿ, ಚಿಟ್ಟೆ, ಮೀನುಗಳ ಲೆಕ್ಕ ಹಿಡಿಯತೊಡಗಿದರು. ಇಂಥ ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಹಗ್ಗ ಹಿಡಿದು ಒಂದು ಚೌಕ ಗುರುತಿಸಬೇಕು. ಅದರೊಳಗಿನ ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಮಟ್ಟದಲ್ಲಿ, ಟೇಪಿನಿಂದ ಅಳೆಯಬೇಕು. ಮರದ ಹೆಸರು ಗೊತ್ತಿಲ್ಲದಿದ್ದರೆ ಊರಿನ ಹಿರಿಯರನ್ನೇ ಕೇಳಬೇಕು. ಲ್ಯಾಟಿನ್ ಹೆಸರು ಆಮೇಲೆ ಬಂದರೂ ನಡೆಯುತ್ತದೆ. ಸಸಿಗಳೆಷ್ಟು, ಎಳೆ ಮರಗಳೆಷ್ಟು, ಮುದಿ ಮರಗಳೆಷ್ಟು ಎಂದು ಪಟ್ಟಿ ಮಾಡಿದಾಗ, ಹಸಿರಾಗಿ ಕಾಣುವ ಕಾಡಿನಲ್ಲಿ ಮರಿಗಳೇ ಇಲ್ಲ ಎಂಬಂಥ ಸಂಗತಿ ಹೊರಬೀಳುವುದುಂಟು.

ಒಮ್ಮೆ ಅಳೆದು ಬಿಟ್ಟರೆ ಸಾಲದು. ಬಂಡೀಪುರಕ್ಕೆ ಹೊಂದಿಕೊಂಡಿರುವ ತಮಿಳುನಾಡಿನ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ 50 ಹೆಕ್ಟೇರಿನ ಶಾಶ್ವತ ಪ್ರದೇಶವೊಂದನ್ನು ಗುರುತಿಸಿತು. ಅಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಕಾಂಡಗಳಿಗೆಲ್ಲ ಸಂಖ್ಯೆ ಕೊಟ್ಟು, ಯಾವುದು ಬದುಕಿದೆ, ಯಾವುದು ಬೆಂಕಿಗೆ, ಆನೆಗೆ, ಬರಕ್ಕೆ ಬಲಿಯಾಯಿತು ಎಂದು ಮತ್ತೆ ಮತ್ತೆ ಹೋಗಿ ನೋಡಲಾಯಿತು. ಶಾಲೆಗಳಿಗೆ 50 ಹೆಕ್ಟೇರು ಬೇಕಿಲ್ಲ, ಊರ ದೇವರಕಾಡಿನ ಒಂದು ಮೂಲೆ ಸಾಕು.

ಪಠ್ಯಕ್ರಮದ ದಾರಿ ಬೇರೆಯಾಯಿತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಅದು ಜಾರಿಗೆ ಬರಲು ದಶಕವೇ ಹಿಡಿಯಿತು. 2003ರಲ್ಲಿ ನ್ಯಾಯಾಲಯ ಮತ್ತೊಮ್ಮೆ ಗದರಬೇಕಾಯಿತು. ಪದವಿ ತರಗತಿಗಳಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆಗ ರೂಪಿಸಿದ ಪಠ್ಯದಲ್ಲಿ 50 ಉಪನ್ಯಾಸಗಳಿದ್ದವು. ಹೊರಗೆ ಹೋಗಿ ನೋಡುವ ಕೆಲಸಕ್ಕೆ ಇಟ್ಟಿದ್ದು ಐದು ಉಪನ್ಯಾಸಗಳಷ್ಟು ಹೊತ್ತು. ಆ ಐದೂ ಎಷ್ಟೋ ಕಡೆ ಪ್ರಶ್ನೋತ್ತರ ಪುಸ್ತಕದಲ್ಲೇ ಮುಗಿದವು ಎಂಬುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಗೊತ್ತಿರುವ ಗುಟ್ಟು.

ಇನ್ನೊಂದು ಅವಕಾಶವನ್ನು ಕಾನೂನೇ ತಂದುಕೊಟ್ಟಿತ್ತು. 2002ರ ಜೀವವೈವಿಧ್ಯ ಕಾಯ್ದೆ ಮತ್ತು 2004ರ ನಿಯಮಗಳ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಊರಿನ ಜೀವಸಂಪತ್ತು ಮತ್ತು ಅದರ ಬಗೆಗಿನ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡಬೇಕಿತ್ತು. 1990ರ ದಶಕದ ಪ್ರಯೋಗಗಳಲ್ಲಿ ಗಾಡ್ಗೀಳರು ಈ ದಾಖಲೆಯನ್ನು ಅಧ್ಯಾಪಕರು, ವಿದ್ಯಾರ್ಥಿಗಳು ಹಳ್ಳಿಗರ ಜೊತೆ ಕೂತು ಬರೆಯುವ ಕೆಲಸವಾಗಿಯೇ ಕಂಡಿದ್ದರು. ಕಾಯ್ದೆ ಬಂದ ಮೇಲೆ ವರ್ಷಗಟ್ಟಲೆ ಯಾರೂ ಅವಸರ ಮಾಡಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಾಗ ದಾಖಲೆಗಳು ರಾಶಿ ಬಿದ್ದವು. ಹಲವೆಡೆ ಅವನ್ನು ಗುತ್ತಿಗೆ ಸಂಸ್ಥೆಗಳು ಬರೆದವು. ಒಂದೇ ಪಟ್ಟಿ ಬೇರೆ ಬೇರೆ ಊರಿನ ಹೆಸರಿನಲ್ಲಿ ಬಂದಿದೆ ಎಂಬ ಟೀಕೆಯೂ ಕೇಳಿಬಂತು. ಅದೇ ಊರುಗಳ ಪ್ರೌಢಶಾಲೆಗಳಲ್ಲಿ ಆ ವರ್ಷದ ಜುಲೈನಲ್ಲೂ ವನಮಹೋತ್ಸವ ನಡೆದಿತ್ತು.